ಅಭಿಜಾತವಾಗುವ ಬಗೆ: ಇತ್ತೀಚಿನ ಕನ್ನಡ ಚಿತ್ರಗಳು ಮತ್ತು ಕಾಲದ ಪರೀಕ್ಷೆ

ಕವಿರಾಜಮಾರ್ಗವು ತನಗಿಂತ ಹಿಂದಿನ ಕನ್ನಡ ಗದ್ಯಕಾರರನ್ನು ನೆನೆಯುವಾಗ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಹೆಸರುಗಳನ್ನು ಹೇಳುತ್ತದೆ. ಒಂಬತ್ತನೆಯ ಶತಮಾನದ ಓದುಗರಿಗೆ ಇವು ಪರಿಚಿತ ಹೆಸರುಗಳಾಗಿದ್ದಿರಬೇಕು. ಇಲ್ಲವಾದರೆ ಹೆಚ್ಚಿನ ವಿವರಣೆಯಿಲ್ಲದೆ ಅವುಗಳನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಅವರ ಕನ್ನಡ ಕೃತಿಗಳಲ್ಲಿ ಒಂದೂ ಇಂದು ಉಪಲಬ್ಧವಿಲ್ಲ. ಅದಾದ ಸುಮಾರು ಒಂದು ಶತಮಾನದೊಳಗೆ, 941ರಲ್ಲಿ, ಪಂಪನು ರಚಿಸಿದ ‘ವಿಕ್ರಮಾರ್ಜುನ ವಿಜಯ’ವಾದರೋ ಸಾವಿರ ವರ್ಷಗಳನ್ನು ದಾಟಿ ಇಂದಿನ ತರಗತಿಗಳಿಗೂ ಬಂದಿದೆ. ಸಮಕಾಲೀನರ ಮನ್ನಣೆ ಪಡೆಯುವುದು ಒಂದು ಸಂಗತಿ, ಕಾಲವನ್ನು ದಾಟುವುದು ಇನ್ನೊಂದು. ಇತ್ತೀಚಿನ ಕನ್ನಡ ಚಲನಚಿತ್ರಗಳಲ್ಲಿ ಯಾವುವು ಮುಂದೆ ಅಭಿಜಾತ ಕೃತಿಗಳೆನಿಸಿಕೊಂಡಾವು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವ ಮೊದಲು ಈ ವ್ಯತ್ಯಾಸವನ್ನು ಮನಗಾಣುವುದು ಅಗತ್ಯ.

ಕನ್ನಡ ಚಿತ್ರರಂಗದ ಇತಿಹಾಸ ಆರಂಭವಾಗುವುದೇ ಇಂತಹ ಒಂದು ಅಭಾವದಿಂದ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ವೈ.ವಿ. ರಾವ್ ಅದರ ನಿರ್ದೇಶಕರು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಅದರ ಕಲಾವಿದರು; ಬೆಳ್ಳಾವೆ ನರಹರಿ ಶಾಸ್ತ್ರಿಗಳು ಅದಕ್ಕೆ ಸಾಹಿತ್ಯ ಒದಗಿಸಿದವರು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಇಷ್ಟೆಲ್ಲ ವಿವರಗಳು ಉಳಿದಿವೆ, ಚಿತ್ರವೊಂದು ಉಳಿದಿಲ್ಲ. ಅದರ ಪ್ರತಿ ಎಲ್ಲಿಯೂ ದೊರೆತಿಲ್ಲ. ವಿಮಳೋದಯನ ಗದ್ಯದಂತೆ ಅದೂ ಈಗ ಕೇವಲ ಒಂದು ಉಲ್ಲೇಖ.

ಉಳಿದುಬಂದ ಚಿತ್ರಗಳು ಮನ್ನಣೆಯನ್ನು ಒಂದೇ ದಾರಿಯಲ್ಲಿ ಪಡೆದವೆಂದು ಹೇಳಲಾಗದು. ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ (1970) ಮೊದಲು ಎದುರಿಸಿದ್ದು ನಿಷೇಧವನ್ನು. ಸೆನ್ಸಾರ್ ಮಂಡಳಿಯು ಅನುಮತಿ ನಿರಾಕರಿಸಿದ ಆ ಚಿತ್ರವೇ ಅನಂತರ ಬಿಡುಗಡೆಗೊಂಡು, ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದಿತು. ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ನಟಿಸಿದ ಆ ಚಿತ್ರದಲ್ಲಿ ಶವವೊಂದು ಸಂಸ್ಕಾರವಿಲ್ಲದೆ ಬಿದ್ದಿರುವಾಗ ಅಗ್ರಹಾರವೊಂದು ತನ್ನ ಧರ್ಮವನ್ನೇ ತಾನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಆ ಪ್ರಶ್ನೆ ಅಗ್ರಹಾರದ ಗಡಿಯಲ್ಲಿ ನಿಲ್ಲಲಿಲ್ಲ. ಆದುದರಿಂದಲೇ ಅಗ್ರಹಾರಗಳನ್ನು ಕಂಡರಿಯದ ತಲೆಮಾರಿಗೂ ಅದು ಮುಟ್ಟುತ್ತದೆ.

‘ಬಂಗಾರದ ಮನುಷ್ಯ’ (1972) ತುಳಿದದ್ದು ಇದಕ್ಕೆ ತೀರ ಭಿನ್ನವಾದ ದಾರಿ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಸಿದ್ದಲಿಂಗಯ್ಯನವರು ತೆರೆಗೆ ತಂದಾಗ ಅದನ್ನು ಅಭಿಜಾತವೆಂದು ಘೋಷಿಸಿದ್ದು ಯಾವ ಪ್ರಶಸ್ತಿ ಮಂಡಳಿಯೂ ಅಲ್ಲ, ಪ್ರೇಕ್ಷಕ ಸಮುದಾಯ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷಗಳಷ್ಟು ಕಾಲ ಓಡಿದ್ದು ಪ್ರಸಿದ್ಧ. ಪೇಟೆಗೆ ಹೋಗಿದ್ದ ತರುಣರು ಆ ಚಿತ್ರವನ್ನು ನೋಡಿ ಬೇಸಾಯಕ್ಕೆ ಮರಳಿದರೆಂಬ ಮಾತು ಇಂದಿಗೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದಕ್ಕಿಂತ, ಒಂದು ಚಿತ್ರದ ಬಗ್ಗೆ ಅಂತಹ ಐತಿಹ್ಯ ಹುಟ್ಟಿತೆಂಬುದೇ ಮುಖ್ಯ. ಜನರು ತಮ್ಮ ಬಾಳಿನ ವಿವರಣೆಗೆ ಒಂದು ಕೃತಿಯನ್ನು ಬಳಸತೊಡಗಿದಾಗ ಅದು ಮನರಂಜನೆಯ ಎಲ್ಲೆಯನ್ನು ದಾಟಿರುತ್ತದೆ.

ಮೂರನೆಯ ದಾರಿ ‘ಘಟಶ್ರಾದ್ಧ’ದ್ದು. ಗಿರೀಶ ಕಾಸರವಳ್ಳಿಯವರ ಈ ಮೊದಲ ಕಥಾಚಿತ್ರ 1977ರಲ್ಲಿ ರಾಷ್ಟ್ರಮಟ್ಟದ ಸ್ವರ್ಣಕಮಲ ಪಡೆಯಿತು. ಗರ್ಭಿಣಿಯಾದ ಬಾಲವಿಧವೆಯೊಬ್ಬಳನ್ನು ಸಮಾಜವು ಬದುಕಿರುವಾಗಲೇ ಸತ್ತವಳೆಂದು ಘೋಷಿಸುವ ಕ್ರೌರ್ಯವನ್ನು ಚಿಕ್ಕ ಹುಡುಗನೊಬ್ಬನ ಕಣ್ಣಿನಿಂದ ತೋರಿಸುವ ಆ ಚಿತ್ರ ಗಲ್ಲಾಪೆಟ್ಟಿಗೆಯ ವಿಜಯವೇನೂ ಆಗಿರಲಿಲ್ಲ. ಆದರೂ ನಲವತ್ತೇಳು ವರ್ಷಗಳ ತರುವಾಯ, 2024ರ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ, ಪುನರುಜ್ಜೀವಿತವಾದ ಅದರ ಪ್ರತಿ ಪ್ರದರ್ಶನಗೊಂಡಿತು.

ಈ ಮೂರು ನಿದರ್ಶನಗಳಿಂದ ಕೆಲವು ಲಕ್ಷಣಗಳನ್ನು ಊಹಿಸಬಹುದು. ಕೃತಿಯು ತನ್ನ ಊರಿಗೆ, ತನ್ನ ನುಡಿಗೆ ಪ್ರಾಮಾಣಿಕವಾಗಿರಬೇಕು. ಆದರೆ ಅದು ಎತ್ತುವ ಪ್ರಶ್ನೆ ಆ ಊರಿನೊಂದಿಗೆ ಮುಗಿಯಬಾರದು. ಕಥೆ ತಿಳಿದ ಮೇಲೂ ಮತ್ತೆ ನೋಡಬೇಕೆನಿಸಬೇಕು. ಅದರ ಅನಂತರ ಬಂದವರು ಅದನ್ನು ಅನುಸರಿಸಿಯೋ ವಿರೋಧಿಸಿಯೋ ಚಿತ್ರ ಮಾಡುವಂತಿರಬೇಕು.

ಈ ಒರೆಗಲ್ಲಿಗೆ ಹಚ್ಚಿದಾಗ ಮೊದಲು ನಿಲ್ಲುವುದು ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ಕರ್ನಾಟಕದಲ್ಲಿ ತೆರೆಕಂಡ ಈ ಚಿತ್ರಕ್ಕೆ ಈರೇಗೌಡರು ಕಥೆ ಹೆಣೆದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತಲಿನ ಹಳ್ಳಿಗರೇ ಪಾತ್ರಧಾರಿಗಳಾದರು. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣ ಜಮೀನು ಮಾರುವ ಹವಣಿಕೆಯಲ್ಲಿರುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಶೋಕವೂ ಬೇಡ. ‘ಸಂಸ್ಕಾರ’ದಲ್ಲಿಯೂ ಇಲ್ಲಿಯೂ ಕಥೆಯ ಕೇಂದ್ರದಲ್ಲಿರುವುದು ಒಂದು ಸಾವು ಮತ್ತು ಒಂದು ಕರ್ಮ. ಅಲ್ಲಿ ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಉತ್ತರವನ್ನು ಹುಡುಕಲಾಗುತ್ತದೆ. ಇಲ್ಲಿ ಜಮೀನಿನ ಕಾಗದಪತ್ರಗಳಿಗೆ ದಾರಿ ಹುಡುಕಲಾಗುತ್ತದೆ. ನಲವತ್ತೈದು ವರ್ಷಗಳಲ್ಲಿ ನಾಡಿನ ಚಿಂತೆ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದಕ್ಕೆ ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಗಡ್ಡಪ್ಪನು ಕುರಿಗಾಹಿಗಳ ನಡುವೆ ಕುಳಿತು ತನ್ನ ಹಳೆಯ ನೋವನ್ನು ಹೇಳಿಕೊಳ್ಳುವ ಸನ್ನಿವೇಶದಲ್ಲಿ ಅದುವರೆಗಿನ ಹಾಸ್ಯವೆಲ್ಲ ಬೇರೆಯೇ ಅರ್ಥ ಪಡೆಯುತ್ತದೆ. ಎರಡನೆಯ ನೋಟಕ್ಕೆ ಹೆಚ್ಚು ಕೊಡುವ ಚಿತ್ರ ಇದು.

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಬಿಡುಗಡೆಯ ಕಾಲಕ್ಕೆ ಗಳಿಕೆಯಲ್ಲಿ ಸೋತ ಚಿತ್ರ. ಮಲ್ಪೆಯ ಕಡಲತಡಿಯ ಒಂದು ಘಟನೆಯನ್ನು ಹಲವರ ನೋಟಗಳಲ್ಲಿ ಹೇಳುವ ಅದರ ಕಥನಕ್ರಮ ಅಂದಿನ ಪ್ರೇಕ್ಷಕರಿಗೆ ಗೊಂದಲವೆನಿಸಿತು. ಕ್ರಮೇಣ ತರುಣ ಪ್ರೇಕ್ಷಕರು ಅದನ್ನು ಮತ್ತೆ ಮತ್ತೆ ನೋಡಿ ತಮ್ಮದಾಗಿಸಿಕೊಂಡರು. ಕಥೆಯಲ್ಲಿ ಅದು ‘ತಿಥಿ’ಯಷ್ಟು ಆಳಕ್ಕೆ ಇಳಿಯುವುದಿಲ್ಲ. ಆದರೆ ಕರಾವಳಿಯ ಕನ್ನಡ, ಹುಲಿವೇಷ, ಮೀನುಗಾರರ ಬದುಕು ಇವುಗಳನ್ನು ಹಾಸ್ಯದ ಸರಕಾಗಿಸದೆ ಗಂಭೀರ ಕಥನದ ನಡುಮನೆಗೆ ತಂದುದರಲ್ಲಿ ಅದು ಅನಂತರದ ಚಿತ್ರಗಳಿಗೆ ದಾರಿ ಮಾಡಿತು. ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ಆ ದಾರಿಯಲ್ಲಿ ಬಂದುದೇ. ದಾರಿ ತೆರೆದ ಕೃತಿಯೆಂಬ ನೆಲೆಯಲ್ಲಿ ಇದರ ಹೆಸರು ಉಳಿಯುವುದು ನಿಶ್ಚಿತ.

ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ‘ಬಂಗಾರದ ಮನುಷ್ಯ’ದ ಸಾಲಿಗೆ ಸೇರುವ ಅಭ್ಯರ್ಥಿ. ಭೂತಾರಾಧನೆಯ ಹಿನ್ನೆಲೆಯಲ್ಲಿ ನೆಲದ ಹಕ್ಕಿನ ಕಥೆ ಹೇಳಿದ ಅದು ಭಾಷೆಯ ಗಡಿಗಳನ್ನು ದಾಟಿ ಜನರನ್ನು ಸೆಳೆಯಿತು, ರಾಷ್ಟ್ರಪ್ರಶಸ್ತಿಗಳನ್ನೂ ಪಡೆಯಿತು. ಕೊನೆಯ ಭಾಗದ ದೈವದ ಆವೇಶವನ್ನು ತೆರೆಯ ಮೇಲೆ ಕಂಡವರು ಮರೆಯಲಾರರು. ಆದರೆ ನಾಯಕನ ಚಿತ್ರಣದಲ್ಲಿ, ಸ್ತ್ರೀಪಾತ್ರದ ನಿರ್ವಹಣೆಯಲ್ಲಿ ಅದು ಹಳೆಯ ಸೂತ್ರಗಳನ್ನು ಬಿಟ್ಟುಕೊಟ್ಟಿಲ್ಲ. ಅರಣ್ಯದ ಕಾನೂನು ಮತ್ತು ಕಾಡಿನಂಚಿನ ಜನರ ನಡುವಿನ ಸಂಘರ್ಷವು ಕೊನೆಗೆ ದೈವದ ತೀರ್ಪಿನಲ್ಲಿ ಪರಿಹಾರವಾಗಿಬಿಡುವುದರಿಂದ ಪ್ರಶ್ನೆಯ ಮೊನೆ ತುಸು ಮೊಂಡಾಗುತ್ತದೆ. ಗೆಲುವಿನ ಸದ್ದು ಅಡಗಿದ ಮೇಲೆ ಚಿತ್ರ ಯಾವುದರ ಬಲದಿಂದ ನಿಲ್ಲುವುದೆಂಬುದನ್ನು ಮುಂದಿನ ತಲೆಮಾರು ತೀರ್ಮಾನಿಸಬೇಕು.

ಹೆಚ್ಚು ಜನ ನೋಡದ ಚಿತ್ರಗಳನ್ನೂ ಇಲ್ಲಿ ಮರೆಯುವಂತಿಲ್ಲ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಸೀಮೆಯ ಯರೇಹಂಚಿನಾಳದಲ್ಲಿ, ಊರವರನ್ನೇ ಪಾತ್ರಧಾರಿಗಳನ್ನಾಗಿಸಿ ರೂಪುಗೊಂಡು, 2022ರಲ್ಲಿ ಬುಸಾನ್ ಚಿತ್ರೋತ್ಸವದ ಪ್ರಶಸ್ತಿ ಪಡೆಯಿತು. ಶಾಲೆಯ ಬಿಸಿಯೂಟದ ಅಡುಗೆಯವಳೊಬ್ಬಳು ಸರಪಳಿ ವ್ಯಾಪಾರದ ಆಸೆಗೆ ಬಿದ್ದು, ಹಾಸಿಗೆ ಹಿಡಿದ ಗಂಡನೂ ಗುಣವಾದಾನು, ಸಂಸಾರವೂ ಮೇಲೇಳುವುದೆಂದು ನಂಬಿ ನಡೆಯುವ ಈ ಕಥೆಯನ್ನು ಕಾಣುವಾಗ ಪಿಂಚಣಿಗಾಗಿ ಅಲೆಯುವ ತಬರನ ನೆನಪು ಬಾರದಿರದು. ತೇಜಸ್ವಿಯವರ ಕಥೆಯಿಂದ ಕಾಸರವಳ್ಳಿ ರೂಪಿಸಿದ ‘ತಬರನ ಕಥೆ’ಯಲ್ಲಿ ಬಡವನನ್ನು ಸೋಲಿಸುವುದು ಸರಕಾರದ ಕಡತ, ಇಲ್ಲಿ ಆ ಸ್ಥಾನದಲ್ಲಿರುವುದು ಮಾರುಕಟ್ಟೆಯ ಭರವಸೆ.

ಹಾಗಾದರೆ ‘ತಿಥಿ’, ‘ಶಿವಮ್ಮ’ಗಳಂತಹ ಕೃತಿಗಳು ಉಳಿಯುವವೇ? ಗುಣವೊಂದೇ ಸಾಕಾಗಿದ್ದರೆ ಉತ್ತರ ಸುಲಭವಿತ್ತು. ‘ಘಟಶ್ರಾದ್ಧ’ ಮರಳಿ ಬೆಳಕು ಕಂಡದ್ದು ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದ. ಈಚಿನ ಚಿತ್ರಗಳಿಗೆ ರೀಲೂ ಇಲ್ಲ, ನೆಗೆಟಿವೂ ಇಲ್ಲ. ಅವು ಇರುವುದು ಹಾರ್ಡ್ ಡಿಸ್ಕುಗಳಲ್ಲಿ, ಒಟಿಟಿ ಸಂಸ್ಥೆಗಳ ಸರ್ವರುಗಳಲ್ಲಿ. ತಂಪಾದ ಒಣ ಕೋಣೆಯಲ್ಲಿ ರೀಲು ಹಲವು ದಶಕ ನಿಲ್ಲುತ್ತದೆ. ಡಿಜಿಟಲ್ ಕಡತವನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸದಿದ್ದರೆ ಅದು ತೆರೆಯದಂತಾಗುತ್ತದೆ. ಒಪ್ಪಂದದ ಅವಧಿ ಮುಗಿದೊಡನೆ ಒಟಿಟಿಯಿಂದ ಚಿತ್ರ ಮರೆಯಾಗುತ್ತದೆ. ದೊಡ್ಡ ಸಂಸ್ಥೆಗಳ ಚಿತ್ರಗಳನ್ನು ಕಾಯಲು ವ್ಯಾಪಾರದ ಹಿತಾಸಕ್ತಿಯಾದರೂ ಇದೆ. ಸಣ್ಣ ಬಂಡವಾಳದ ಚಿತ್ರಕ್ಕೆ ಅದೂ ಇಲ್ಲ. ಅತ್ಯಂತ ಹೊಸ ಚಿತ್ರಗಳೇ ‘ಸತಿ ಸುಲೋಚನ’ದ ಗತಿಗೆ ಹತ್ತಿರದಲ್ಲಿರುವುದು ಹೀಗೆ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಆಕೆ ಕಾವ್ಯವನ್ನು ರಚಿಸಲಿಲ್ಲ, ವಿಮರ್ಶಿಸಲೂ ಇಲ್ಲ. ಕಾಲದ ಪರೀಕ್ಷೆಗೆ ಕೂರಲು ಕೃತಿಗೆ ಅವಕಾಶ ಮಾಡಿಕೊಟ್ಟಳು. ಯಾವ ಚಿತ್ರ ಅಭಿಜಾತವೆಂದು ನಿರ್ಣಯಿಸುವ ಅಧಿಕಾರ ಇಂದಿನವರಿಗಿಲ್ಲ, ಅದು ಮುಂದಿನವರದು. ಅವರು ನಿರ್ಣಯಿಸುವ ದಿನ ಚಿತ್ರಗಳು ಅವರ ಕೈಗೆ ಸಿಗುವಂತೆ ಪ್ರತಿಮಾಡಿ ಕಾಪಾಡುವುದು ಮಾತ್ರ ಇಂದಿನವರ ಹೊಣೆ.