ಕಾಕಂಬಿಯಲ್ಲಿ ಬೆಳೆಯುವ ಉಪಕಾರಿ ಜೀವಾಣುಗಳು

ಮಹಾರಾಷ್ಟ್ರದ ಕನ್ನಡ ಮಾಧ್ಯಮದ 10ನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಸೂಕ್ಷ್ಮಜೀವಶಾಸ್ತ್ರದ ಪಾಠದೊಳಗೆ ಪ್ರೋಬಯಾಟಿಕ್ ಎಂಬ ಪದ ಬರುತ್ತದೆ. ತಕ್ಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ನೀಡುವ ಜೀವಂತ ಸೂಕ್ಷ್ಮಜೀವಿಗಳೆಂದು ಅದರ ಅರ್ಥ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ತಜ್ಞರು ನೀಡಿದ ವ್ಯಾಖ್ಯೆ ಇದೇ. ಇವುಗಳಲ್ಲಿ ಹಲವು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಲ್ಯಾಕ್ಟೋಬ್ಯಾಸಿಲಸ್ ಬಳಗದವು. ಅಂಗಡಿಯಲ್ಲಿ ಇವು ದುಬಾರಿ. ಇವುಗಳ ಆಹಾರವೋ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಬೇರೆ ಕೆಲಸಗಳ ಉಳಿಕೆಯಾಗಿಯೇ ದೊರೆಯುತ್ತದೆ.

ಪ್ರಯೋಗಾಲಯದಲ್ಲಿ ಈ ಜೀವಾಣುಗಳನ್ನು ಬೆಳೆಸಲು 1960ರಲ್ಲಿ ಡಿ ಮ್ಯಾನ್, ರೊಗೋಸಾ ಮತ್ತು ಶಾರ್ಪ್ ಎಂಬ ವಿಜ್ಞಾನಿಗಳು ರೂಪಿಸಿದ ಪೋಷಕ ದ್ರಾವಣವನ್ನು ಇಂದಿಗೂ ಬಳಸುತ್ತಾರೆ. ಅದರಲ್ಲಿ ಲೀಟರಿಗೆ 20 ಗ್ರಾಂ ಗ್ಲೂಕೋಸ್ ಇರುತ್ತದೆ. ಜೊತೆಗೆ ಪೆಪ್ಟೋನ್, ಮಾಂಸದ ಸಾರ, ಯೀಸ್ಟ್ ಸಾರ. ಗ್ಲೂಕೋಸ್ ಅಗ್ಗ, ಉಳಿದವು ತುಟ್ಟಿ. ಈ ಜೀವಾಣುಗಳಿಗೆ ಸಕ್ಕರೆಯೊಂದೇ ಸಾಲದು, ಅಮೈನೋ ಆಮ್ಲಗಳೂ ಬಿ ಗುಂಪಿನ ಜೀವಸತ್ವಗಳೂ ಬೇಕು. ಆದುದರಿಂದ ಖರ್ಚು ತಗ್ಗಿಸುವ ಪ್ರಶ್ನೆ ಮುಖ್ಯವಾಗಿ ಸಾರಜನಕದ ಪ್ರಶ್ನೆ.

ನಮ್ಮ ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳಿವೆ. ಒಂದು ಟನ್ ಕಬ್ಬು ಅರೆದರೆ ಸುಮಾರು 40ರಿಂದ 45 ಕಿಲೋ ಕಾಕಂಬಿ ಉಳಿಯುತ್ತದೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆ. ಮಕ್ಕಳೇ ಲೆಕ್ಕ ಹಾಕಿ ನೋಡಬಹುದು: ಲೀಟರಿಗೆ 20 ಗ್ರಾಂನಂತೆ ಒಂದು ಕಿಲೋ ಕಾಕಂಬಿ 25 ಲೀಟರ್ ದ್ರಾವಣಕ್ಕೆ ಸಾಕು. ಸಾರಜನಕಕ್ಕೆ ಎಣ್ಣೆ ಗಾಣದ ಶೇಂಗಾ ಹಿಂಡಿ ಇದೆ. ಅದರಲ್ಲಿ ಶೇಕಡಾ 40ಕ್ಕೂ ಮೇಲ್ಪಟ್ಟು ಪ್ರೋಟೀನು. (ಶೇಂಗಾ ಚಟ್ನಿಗೆ ಹೆಸರಾದ ಊರಿನವರಿಗೆ ಹಿಂಡಿಯ ಪರಿಚಯ ಹೇಳಬೇಕಾಗಿಲ್ಲ.) ಪನೀರು ಮಾಡುವಾಗ ಚೆಲ್ಲುವ ನೀರಿನಲ್ಲಿಯೂ ಶೇಕಡಾ 4ರಿಂದ 5ರಷ್ಟು ಹಾಲಿನ ಸಕ್ಕರೆ ಉಳಿದಿರುತ್ತದೆ.

ವಿಧಾನ ಇಷ್ಟು. ದ್ರಾವಣವನ್ನು ಶುದ್ಧೀಕರಿಸಿ, ಆರಿಸಿ, ಶುದ್ಧ ಹೆಪ್ಪನ್ನು ಸೇರಿಸಿ ಸುಮಾರು 37 ಡಿಗ್ರಿ ಉಷ್ಣತೆಯಲ್ಲಿ ಇಡುತ್ತಾರೆ. ಜೀವಾಣುಗಳು ತಾವೇ ತಯಾರಿಸಿದ ಆಮ್ಲದಿಂದ ತಮ್ಮ ಬೆಳವಣಿಗೆಯನ್ನು ತಡೆದುಕೊಳ್ಳುತ್ತವೆ. ಆ ಆಮ್ಲವನ್ನು ತಗ್ಗಿಸಲು ಸುಣ್ಣದಕಲ್ಲಿನ ಪುಡಿಯನ್ನು ಸೇರಿಸುವುದುಂಟು. ಎಲ್ಲ ತಳಿಗಳಿಗೂ ಕಾಕಂಬಿ ಒಗ್ಗದು. ಯೋಗರ್ಟಿನ ಬಲ್ಗೇರಿಕಸ್ ಹಾಲಿನ ಸಕ್ಕರೆಯನ್ನು ಬಳಸುತ್ತದೆ, ಕಬ್ಬಿನ ಸಕ್ಕರೆಯನ್ನಲ್ಲ. ಪ್ಲಾಂಟಾರಮ್ ಎರಡನ್ನೂ ಬಳಸಬಲ್ಲದು.

ಇಲ್ಲಿ ಪಾಲಕರಿಗೆ ನಾವು ಒತ್ತಿ ಹೇಳಬೇಕಾದದ್ದಿದೆ. ಮನೆಯಲ್ಲಿ ಹೀಗೆ ಬೆಳೆಸಿದ್ದನ್ನು ಮಕ್ಕಳಿಗೆ ಕುಡಿಸಕೂಡದು. ತಳಿ ಯಾವುದು, ಪ್ರಮಾಣ ಎಷ್ಟು, ಸುರಕ್ಷಿತವೇ ಎಂಬುದು ಖಚಿತವಾಗಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳ 2011ರ ಮಾರ್ಗಸೂಚಿ ಹೇಳುತ್ತದೆ. ತೇವ ತಗುಲಿದ ಶೇಂಗಾ ಹಿಂಡಿಯಲ್ಲಿ ಬೆಳೆಯುವ ಬೂಷ್ಟು ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ಮಕ್ಕಳ ಊಟಕ್ಕೆ ಮನೆಯ ಮೊಸರು, ಮಜ್ಜಿಗೆಯೇ ಸಾಕು. ಕಟ್ಟುನಿಟ್ಟಾದ ಅರ್ಥದಲ್ಲಿ ಅದನ್ನು ಪ್ರೋಬಯಾಟಿಕ್ ಎನ್ನಲಾಗದಿದ್ದರೂ ಅದು ಪರೀಕ್ಷೆಗೊಳಗಾದ ಆಹಾರ, ತಲೆಮಾರುಗಳಿಂದ.

ರೈತ ಕುಟುಂಬಕ್ಕೆ ಈ ಜೀವಾಣುಗಳ ನೇರ ಉಪಯೋಗ ದನಕರುಗಳ ರಸಮೇವಿನಲ್ಲಿದೆ. ಮರಾಠಿ ನೆರೆಯವರು ಇದನ್ನು ಮುರಘಾಸ ಎನ್ನುತ್ತಾರೆ. ಹಸಿ ಮೆಕ್ಕೆಜೋಳವನ್ನೋ ಕಬ್ಬಿನ ತುದಿಯ ಹಸಿರು ಎಲೆಯನ್ನೋ ಎರಡು ಮೂರು ಸೆಂಟಿಮೀಟರಿಗೆ ಕತ್ತರಿಸಿ, ನೂರು ಕಿಲೋ ಮೇವಿಗೆ ಒಂದೆರಡು ಕಿಲೋ ಬೆಲ್ಲ ಅಥವಾ ಕಾಕಂಬಿಯ ನೀರು ಚಿಮುಕಿಸಿ, ಗಾಳಿಯಾಡದಂತೆ ತುಳಿದು ಮುಚ್ಚಬೇಕು. ಮೇವಿನ ಮೇಲೆ ಸಹಜವಾಗಿರುವ ಲ್ಯಾಕ್ಟಿಕ್ ಜೀವಾಣುಗಳೇ ಅದನ್ನು ಹುಳಿಸಿ ಕೆಡದಂತೆ ಕಾಯುತ್ತವೆ. ಕಾಕಂಬಿಯ ಮಾರಾಟ, ಸಾಗಾಣಿಕೆಗೆ ಅಬಕಾರಿ ನಿಯಮಗಳಿರುವುದರಿಂದ ಬೆಲ್ಲವೇ ಅನುಕೂಲ. ಸುಮಾರು 45 ದಿನಗಳ ನಂತರ ತೆರೆದಾಗ ಮೇವು ಹಳದಿ ಮಿಶ್ರಿತ ಹಸಿರಾಗಿದ್ದು ಹುಳಿವಾಸನೆ ಬೀರಬೇಕು. ಕಪ್ಪಾದ, ಬೂಷ್ಟು ಹಿಡಿದ ಪದರವನ್ನು ತೆಗೆದು ಎಸೆಯಬೇಕು. ಅದನ್ನು ಎಮ್ಮೆಗೂ ಹಾಕಬಾರದು.