ಚಪ್ಪಲಿ ನೋಡಿ ಗಂಡಸಿನ ಪ್ರಬುದ್ಧತೆ ಹೇಳಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಹವಾಯಿ ಚಪ್ಪಲಿಯಲ್ಲೇ ಪೇಟೆಗೆ ಬರುವವನು ಬೇಜವಾಬ್ದಾರಿ ಮನುಷ್ಯ. ಮೂವತ್ತು ದಾಟಿದರೂ ಬಣ್ಣಬಣ್ಣದ ಸ್ನೀಕರ್ಸ್ ಹಾಕುವವನು ಹುಡುಗಾಟ ಬಿಟ್ಟಿಲ್ಲ. ಲೆದರ್ ಲೋಫರ್ ಹಾಕುವವನೇ ಪ್ರಬುದ್ಧ ಗಂಡಸು.” ಇಂಥ ಧಾಟಿಯ ಸಂದೇಶಗಳನ್ನು ನೀವೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲೋ ರೀಲ್ಸ್‌ನಲ್ಲೋ ನೋಡಿರಬಹುದು. ಕೊನೆಯಲ್ಲಿ “ವಿಜ್ಞಾನಿಗಳೇ ಹೇಳಿದ್ದಾರೆ” ಎಂಬ ಸಾಲು ಸೇರಿದರಂತೂ ಮುಗಿಯಿತು, ಗಂಡು ನೋಡುವ ಮನೆಯವರೂ ಅದನ್ನು ನಂಬಿಬಿಡುತ್ತಾರೆ. ನಿಜಕ್ಕೂ ವಿಜ್ಞಾನ ಏನು ಹೇಳಿದೆ? ನೋಡೋಣ.

ಚುಟುಕಾಗಿ ಹೇಳುವುದಾದರೆ

ಪಾದರಕ್ಷೆ ನೋಡಿ ವ್ಯಕ್ತಿಯ ವಯಸ್ಸು, ಆದಾಯವನ್ನು ಒಂದು ಮಟ್ಟಿಗೆ ಅಂದಾಜು ಮಾಡಬಹುದು. ಅವನ ಪ್ರಬುದ್ಧತೆಯನ್ನು ಅಳೆಯಬಹುದು ಎನ್ನುವುದಕ್ಕೆ ಆಧಾರವಿಲ್ಲ.

ಆ ಅಧ್ಯಯನದಲ್ಲಿ ಇರುವುದೇನು?

ಪಾದರಕ್ಷೆ ಮತ್ತು ವ್ಯಕ್ತಿತ್ವದ ಮಾತು ಬಂದಾಗಲೆಲ್ಲ ಹೆಚ್ಚಾಗಿ ಪ್ರಸ್ತಾಪವಾಗುವುದು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಒಮ್ರಿ ಗಿಲಾತ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ. 208 ಮಂದಿ ತಾವು ಹೆಚ್ಚಾಗಿ ಹಾಕುವ ಪಾದರಕ್ಷೆಯ ಫೋಟೊ ಕೊಟ್ಟರು. ತಮ್ಮ ಸ್ವಭಾವದ ಬಗ್ಗೆ ಪ್ರಶ್ನಾವಳಿಯನ್ನೂ ತುಂಬಿದರು. ನಂತರ 63 ವಿದ್ಯಾರ್ಥಿಗಳು ಬರೀ ಫೋಟೊ ನೋಡಿ ಅವುಗಳನ್ನು ಹಾಕುವವರು ಎಂಥವರು ಎಂದು ಊಹಿಸಿದರು.

ವಯಸ್ಸು, ಹೆಣ್ಣೋ ಗಂಡೋ ಎನ್ನುವುದು, ಆದಾಯ ಇವುಗಳ ಊಹೆ ಸಾಕಷ್ಟು ಸರಿಹೋಯಿತು. ಜೊತೆಗೆ, ಹತ್ತಿರದವರು ತನ್ನನ್ನು ಬಿಟ್ಟುಬಿಡಬಹುದು ಎಂಬ ಅಳುಕು ಎಷ್ಟಿದೆ ಎನ್ನುವುದೂ ಸ್ವಲ್ಪ ಮಟ್ಟಿಗೆ ಹೊಂದಿಕೆಯಾಯಿತು. ಪಾದರಕ್ಷೆಯಿಂದ ಊಹಿಸಲು ಸಾಧ್ಯವಾಗುವುದು ಕೆಲವು ವಿಷಯಗಳಲ್ಲಿ ಎಂದು ಸಂಶೋಧಕರೇ ಮಿತಿ ಹಾಕಿದ್ದಾರೆ. ಅವರು ಪಟ್ಟಿ ಮಾಡಿದ ಆ ವಿಷಯಗಳಲ್ಲಿ ಪ್ರಬುದ್ಧತೆ ಇಲ್ಲ.

ಆದರೆ ಸುದ್ದಿಯಾಗುವಾಗ ಇದು ಉಬ್ಬಿತು. ‘ಶೂ ನೋಡಿದರೆ ಶೇ. 90ರಷ್ಟು ನಿಖರವಾಗಿ ವ್ಯಕ್ತಿತ್ವ ಹೇಳಬಹುದು’ ಎಂದು ಆಗ ಹಲವು ಕಡೆ ಪ್ರಕಟವಾಯಿತು. ನೂರಾರು ಜನರ ಸರಾಸರಿಯಲ್ಲಿ ಒಂದು ಸಂಬಂಧ ಕಾಣುವುದು ಬೇರೆ, ಎದುರು ನಿಂತ ಒಬ್ಬನ ಬಗ್ಗೆ ತೀರ್ಪು ಕೊಡುವುದು ಬೇರೆ. ಫಾರ್ವರ್ಡ್‌ಗಳಲ್ಲಿ ಈ ವ್ಯತ್ಯಾಸವೇ ಮಾಯವಾಗುತ್ತದೆ.

ಹಾಗಾದರೆ ಪ್ರಬುದ್ಧತೆ ಅಳೆಯುವುದು ಹೇಗೆ?

ಮನೋವಿಜ್ಞಾನಿಗಳು ಮುಖ್ಯವಾಗಿ ಮೂರು ಗುಣಗಳನ್ನು ನೋಡುತ್ತಾರೆ: ಹೊಣೆಗಾರಿಕೆ, ಇತರರೊಂದಿಗೆ ಹೊಂದಿಕೊಂಡು ಹೋಗುವುದು, ಭಾವನೆಗಳ ಮೇಲೆ ಹಿಡಿತ. ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿ, ಮತ್ತೆ ಮತ್ತೆ ಪ್ರಶ್ನೆ ಕೇಳಿ ಬದಲಾವಣೆ ದಾಖಲಿಸುತ್ತಾರೆ. ಹೀಗೆ ಅಧ್ಯಯನ ಮಾಡಿದ 92 ಗುಂಪುಗಳ ಮಾಹಿತಿಯನ್ನು ಒಟ್ಟುಗೂಡಿಸಿ 2006ರಲ್ಲಿ ವಿಶ್ಲೇಷಿಸಲಾಯಿತು. ಜನ ವಯಸ್ಸಾದಂತೆ, ಅದರಲ್ಲೂ 20ರಿಂದ 40ರ ನಡುವೆ, ಹೆಚ್ಚು ಹೊಣೆಗಾರರೂ ಸಮಾಧಾನಿಗಳೂ ಆಗುತ್ತಾರೆ ಎಂದು ಕಂಡುಬಂತು. ವರ್ಷಗಳು ಹಿಡಿಯುವ ಇಂಥ ಅಳತೆಯನ್ನು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೇಲೆ ಒಮ್ಮೆ ಕಣ್ಣಾಡಿಸಿ ಮುಗಿಸಲಾಗದು.

ಮತ್ತೆ ಅದು ನಿಜ ಅನಿಸುವುದೇಕೆ?

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಾಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ನಂತರ ‘ಇದು ನಿಮ್ಮದೇ ವ್ಯಕ್ತಿತ್ವದ ವಿವರಣೆ’ ಎಂದು ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ ಎಂದು ಕೇಳಿದಾಗ ಸಿಕ್ಕ ಸರಾಸರಿ ಅಂಕ 5ಕ್ಕೆ 4.26. ಎಲ್ಲರಿಗೂ ಕೊಟ್ಟಿದ್ದು ಒಂದೇ ವಿವರಣೆ! ಅದರ ಸಾಲುಗಳನ್ನು ಅವರು ಆಯ್ದುಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಯಾರಿಗೆ ಬೇಕಾದರೂ ಒಪ್ಪುವ ಮಾತನ್ನು ನಮಗಾಗಿಯೇ ಹೇಳಿದ್ದು ಎಂದುಕೊಳ್ಳುವ ನಮ್ಮ ಮನಸ್ಸಿನ ಗುಣವನ್ನೇ ಚಪ್ಪಲಿ ಭವಿಷ್ಯವೂ ಬಳಸಿಕೊಳ್ಳುತ್ತದೆ.

ಇನ್ನೊಂದು ಕಾರಣ, ಹಾಕಿಕೊಂಡವರ ಅಂತಸ್ತು. 2007ರಲ್ಲಿ ಸ್ಟೀವ್ ಜಾಬ್ಸ್ ಐಫೋನ್ ಪರಿಚಯಿಸಿದಾಗ ಅವರಿಗೆ ಐವತ್ತು ದಾಟಿತ್ತು, ಕಾಲಲ್ಲಿ ಇದ್ದದ್ದು ಸ್ನೀಕರ್ಸ್. ಅದನ್ನು ‘ಸರಳತೆ’ ಎಂದು ಹೊಗಳಿದೆವು. ಅಂಥದ್ದೇ ಸ್ನೀಕರ್ಸ್‌ನಲ್ಲಿ ಊರಿನ ಹುಡುಗ ಇಂಟರ್‌ವ್ಯೂಗೆ ಹೋದರೆ ‘ಗಂಭೀರತೆ ಇಲ್ಲ’ ಎನ್ನುತ್ತೇವೆ. ಶೂ ಬದಲಾಗಿಲ್ಲ, ನಮ್ಮ ಕಣ್ಣು ಬದಲಾಗಿದೆ.

ಪಾದರಕ್ಷೆ ನಿಜವಾಗಿ ಹೇಳುವುದೇನು?

ಕಿಸೆ, ಕೆಲಸ, ಹವಾಮಾನ, ಆರೋಗ್ಯ ಇಷ್ಟನ್ನು ಹೇಳಬಹುದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲೆದರ್ ಶೂ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಅಲ್ಲಿ ರಬ್ಬರ್ ಚಪ್ಪಲಿ ಹಾಕುವುದು ಬುದ್ಧಿವಂತಿಕೆಯೇ ಹೊರತು ಬೇಜವಾಬ್ದಾರಿಯಲ್ಲ.

ಆರೋಗ್ಯದ ವಿಷಯ ಇನ್ನೂ ಮುಖ್ಯ. ಸಕ್ಕರೆ ಕಾಯಿಲೆ ಇರುವ ಹಲವರಿಗೆ ಪಾದದ ನರಗಳು ದುರ್ಬಲವಾಗಿ ಸ್ಪರ್ಶ ಕಡಿಮೆಯಾಗುತ್ತದೆ. ಶೂ ಕಚ್ಚಿ ಗಾಯವಾದರೂ ಗೊತ್ತಾಗುವುದಿಲ್ಲ. ಗಮನಿಸದೆ ಬಿಟ್ಟ ಗಾಯ ಕೀವಾಗಿ ಬೆರಳು, ಪಾದ ಕತ್ತರಿಸುವ ಹಂತಕ್ಕೂ ಹೋಗಬಹುದು. ಅದಕ್ಕೇ ವೈದ್ಯರು ಮೆತ್ತನೆಯ ಎಂಸಿಆರ್ ಚಪ್ಪಲಿ ಹಾಕಿಕೊಳ್ಳಲು ಹೇಳುತ್ತಾರೆ. ಅದು ನೋಡಲು ಸ್ಟೈಲಾಗಿ ಇರುವುದಿಲ್ಲ. ‘ಇಂಥ ಚಪ್ಪಲಿ ಹಾಕುವವನು ಹೀಗೆ’ ಎಂಬ ಫಾರ್ವರ್ಡ್ ಓದಿ ನಾಚಿಕೊಂಡು ಯಾರಾದರೂ ಬಿಗಿಯಾದ ಶೂ ಹಾಕಿಕೊಂಡು ಮದುವೆಮನೆಗೆ ಹೋದರೆ, ಆ ತಮಾಷೆಗೆ ಬೆಲೆ ತೆರುವುದು ಅವರ ಕಾಲು.

ಮರೆಯಬಾರದ ಇನ್ನೊಂದು ಮಾತು

ದಲಿತರು ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯುವಂತಿಲ್ಲ ಎಂಬ ಕಟ್ಟಳೆ ನಮ್ಮ ದೇಶದ ಅನೇಕ ಹಳ್ಳಿಗಳಲ್ಲಿ ಇತ್ತು. ಕಾಲಲ್ಲಿ ಏನಿದೆ ಎಂದು ನೋಡಿ ಮನುಷ್ಯನ ಯೋಗ್ಯತೆ ತೀರ್ಮಾನಿಸುವುದು ನಮ್ಮಲ್ಲಿ ಬರೀ ತಮಾಷೆಯಾಗಿ ಉಳಿದಿರಲಿಲ್ಲ. ದುಬಾರಿ ಶೂ ಕೊಳ್ಳಲಾಗದವನನ್ನು ‘ಪ್ರಬುದ್ಧನಲ್ಲ’ ಎನ್ನುವಾಗ ನಾವು ಅಳೆಯುತ್ತಿರುವುದು ಅವನ ಗುಣವನ್ನೋ, ಬಡತನವನ್ನೋ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಹಾಕಿಕೊಳ್ಳಿ. ಅಧ್ಯಯನ ಯಾರು, ಯಾವಾಗ ಮಾಡಿದ್ದು ಎಂದು ಸಂದೇಶದಲ್ಲಿ ಇದೆಯೇ? ಅದು ಸರಾಸರಿಯ ಮಾತೋ, ಎಲ್ಲರಿಗೂ ಹೊರಡಿಸಿದ ತೀರ್ಪೋ? ಇದನ್ನು ಓದಿ ಯಾರಿಗಾದರೂ ನೋವಾಗಬಹುದೇ?

ಗಂಡಸಿನ ಪ್ರಬುದ್ಧತೆ ತಿಳಿಯಬೇಕಿದ್ದರೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆಯೇ, ತಪ್ಪಾದಾಗ ಒಪ್ಪಿಕೊಳ್ಳುತ್ತಾನೆಯೇ, ಸಿಟ್ಟು ಬಂದಾಗ ಮನೆಯವರೊಂದಿಗೆ ಹೇಗೆ ನಡೆದುಕೊಳ್ಳುತ್ತಾನೆ ಎಂದು ನೋಡಿ. ಅದಕ್ಕೆ ಸಮಯ ಬೇಕು, ಒಡನಾಟ ಬೇಕು. ಚಪ್ಪಲಿಯನ್ನು ಹೇಗೂ ಹೊಸ್ತಿಲಾಚೆಯೇ ಬಿಟ್ಟು ಬರುತ್ತೇವಲ್ಲ, ಅದರ ಮೇಲಿನ ತೀರ್ಪನ್ನೂ ಅಲ್ಲೇ ಬಿಡೋಣ.