ಪಣಂಬೂರು ಎಲ್ಲಿ ಉಂಟು?

ವೀಕೆಂಡ್ ಬಂತೆಂದರೆ ಅರ್ಧ ಮಂಗಳೂರು ಪಣಂಬೂರು ಬೀಚಿನಲ್ಲಿ ಇರ್ತದೆ. ಚರುಂಬುರಿ ತಿನ್ನುತ್ತ ಹಡಗು ನೋಡ್ತೇವೆ. ಆದರೆ ವೀಕ್ಷಕರೇ, ಪಣಂಬೂರು ಎಂಬ ಹಳ್ಳಿ ಎಲ್ಲಿ ಹೋಯಿತು ಅಂತ ಯಾವತ್ತಾದರೂ ಕೇಳಿದ್ದೇವಾ?

ಅದರ ಒಂದು ಭಾಗ ಇವತ್ತು ನೀರಿನಡಿ ಉಂಟು. ನವಮಂಗಳೂರು ಬಂದರು ಪ್ರಕೃತಿ ಕೊಟ್ಟದ್ದಲ್ಲ, ದಡದ ಒಳಗಿನ ನೆಲವನ್ನು ಅಗೆದು ಕಡಲನ್ನು ಒಳಗೆ ಕರೆದುಕೊಂಡು ಬಂದದ್ದು. ಕಾರಣ ಇರಲಿಲ್ಲ ಅಂತಲ್ಲ. ಹಳೆ ಬಂದರಿನ ಅಳಿವೆಯಲ್ಲಿ ಮರಳು; ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಮಳೆಗಾಲದಲ್ಲಿ ವ್ಯವಹಾರ ಬಂದ್. ಸಂಸದ ಯು. ಶ್ರೀನಿವಾಸ ಮಲ್ಯರು ದಿಲ್ಲಿಯಲ್ಲಿ ಹಟ ಹಿಡಿದರು. 1965ರಲ್ಲಿ ಅವರು ತೀರಿಕೊಂಡರು, ಬಂದರು ನೋಡಲಿಲ್ಲ. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಮಹಾಬಂದರಾಯಿತು.

ಅದಕ್ಕೆ ಮುಂಚೆ ಇಲ್ಲಿದ್ದ ಬದುಕು? ತುಳುನಾಡಿನ ಯಾವ ಕರಾವಳಿ ಹಳ್ಳಿಯದ್ದೋ ಅದೇ. ಏಣೆಲು, ಸುಗ್ಗಿ, ನೀರಿದ್ದಲ್ಲಿ ಕೊಳಕೆ ಅಂತ ವರ್ಷವನ್ನು ಭತ್ತದ ಬೆಳೆಯಿಂದಲೇ ಎಣಿಸುವುದು. ದಡದಲ್ಲಿ ಮೊಗವೀರರ ರಂಪಣಿ. ಹತ್ತಾರು ಜನ ಒಟ್ಟಿಗೆ ಬಲೆ ಎಳೆದು, ಸಿಕ್ಕಿದ ಮೀನನ್ನು ಪಾಲು ಹಾಕಿಕೊಳ್ಳುವುದು. ಮನೆಗೊಂದು ಹೆಸರು, ಕುಟುಂಬಕ್ಕೊಂದು ದೈವ, ತೋಟದ ಮೂಲೆಯಲ್ಲಿ ನಾಗಬನ. ತೆಂಗಿನಮರಕ್ಕೆ ಸರ್ಕಾರ ರೇಟು ಕಟ್ಟಬಹುದು ಮಾರಾಯ್ರೆ, ನಾಗಬನಕ್ಕೆ ಎಷ್ಟು ಕಟ್ಟುವುದು?

ನನ್ನನ್ನು ಹೆಚ್ಚು ಕಾಡುವುದು ಒಂದು ತಾರೀಕು. ಗೇಣಿದಾರನನ್ನೇ ಭೂಮಿಯ ಒಡೆಯನನ್ನಾಗಿ ಮಾಡಿದ ದೇವರಾಜ ಅರಸರ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅಂದರೆ ಪಣಂಬೂರಿಗೆ ಮಹಾಬಂದರಿನ ಪಟ್ಟ ಸಿಗುವ ಎರಡು ತಿಂಗಳು ಮುಂಚೆ. ಜಿಲ್ಲೆಯ ಉಳಿದ ಕಡೆ ಚಾಲಗೇಣಿಯವರು ಡಿಕ್ಲರೇಷನ್ ಕೊಟ್ಟು ತಾವು ಉತ್ತ ಗದ್ದೆಯನ್ನು ತಮ್ಮದಾಗಿಸಿಕೊಂಡರು. ಅಷ್ಟು ಹೊತ್ತಿಗೆ ಬಂದರಿಗೆ ಹೋಗಿಯಾಗಿದ್ದ ಗದ್ದೆಯ ಒಕ್ಕಲು ಯಾವ ಗದ್ದೆ ತೋರಿಸಿ ಡಿಕ್ಲರೇಷನ್ ಕೊಡುವುದು? ಇದನ್ನು ಬಂದರಿನ ಲಾಭದ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ.

ಪಣಂಬೂರು, ಬೈಕಂಪಾಡಿಯಿಂದ ಎದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಸೈಟು ಸಿಕ್ಕಿತು. ಕಡಲು ಬಿಟ್ಟು ಒಳನಾಡಿಗೆ. ಮನೆಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದ ಜನಕ್ಕೆ ನಂಬರು ಬಂತು. ಈಗಲೂ ಅಲ್ಲಿ ಬಸ್ಸಿನಲ್ಲಿ ಕೂತರೆ ಕಂಡಕ್ಟರ್ ಕೂಗುವುದು ಊರಿನ ಹೆಸರಲ್ಲ, ಬ್ಲಾಕು: ಮೂರನೇ ಬ್ಲಾಕ್, ಏಳನೇ ಬ್ಲಾಕ್.